ವೆಂಗೆನ್‌ನಲ್ಲಿ ಒಂದು ವಾರ: ಸ್ಕೀ ಹಳ್ಳಿಗೆ ಹೊರಡುವ ಮುನ್ನ

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಕಣಿವೆಯ ಮೇಲೆ, 1,274 ಮೀಟರ್ ಎತ್ತರದಲ್ಲಿ ಜಗಲಿಯ ಮೇಲೆ ಕೂತಂತಿರುವ ಹಳ್ಳಿ ವೆಂಗೆನ್. ಪ್ರವಾಸಿಗರು ಕಾರಿನಲ್ಲಿ ಇಲ್ಲಿಗೆ ಬರುವಂತಿಲ್ಲ, ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಬೆಟ್ಟ ಏರುವ ರೈಲೇ ದಾರಿ. ನಿಮ್ಮ ಲೆಕ್ಕಾಚಾರವೂ ಆ ರೈಲಿನಿಂದಲೇ ಶುರುವಾಗಬೇಕು.

ಮೊದಲು ವಾರ ಗೊತ್ತುಮಾಡಿಕೊಳ್ಳಿ. ಕ್ರಿಸ್‌ಮಸ್, ಹೊಸ ವರ್ಷ ದುಬಾರಿ. ಜನವರಿ ಮಧ್ಯದಲ್ಲಿ, 1930ರಲ್ಲಿ ಶುರುವಾದ ಲೌಬರ್‌ಹಾರ್ನ್ ಸ್ಕೀ ಸ್ಪರ್ಧೆಯ ಗದ್ದಲ. ಫೆಬ್ರುವರಿಯಲ್ಲಿ ಶಾಲೆಗಳಿಗೆ ರಜೆ. ಹೀಗಾಗಿ ಜನವರಿ ಕೊನೆಯ ವಾರವೇ ಲೇಸು.

ಅಪಾರ್ಟ್‌ಮೆಂಟ್‌ಗಳನ್ನು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಅಡುಗೆಮನೆ ಇರುವ ಮನೆ ವಾಸಿ. ಕುಕ್ಕರ್ ಮಾತ್ರ ಅಲ್ಲಿ ಇರುತ್ತದೆಂದು ನಂಬಿಕೊಳ್ಳಬೇಡಿ. ಸ್ಟೇಷನ್ನಿನಿಂದ ಎಷ್ಟು ದೂರ ಎಂದಷ್ಟೇ ಅಲ್ಲ, ದಾರಿ ಏರೋ ಇಳಿಜಾರೋ ಎಂದೂ ಕೇಳಿ. ಹೊಸ ಹಿಮದಲ್ಲಿ ಸೂಟ್‌ಕೇಸಿನ ಪುಟ್ಟ ಚಕ್ರ ಉರುಳುವುದಿಲ್ಲ, ನೇಗಿಲಿನಂತೆ ಗೀರುತ್ತಾ ಬರುತ್ತದೆ. ಬೆನ್ನಿಗೆ ಹಾಕುವ ಚೀಲವೇ ಒಳ್ಳೆಯದು.

ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು; 15 ದಿನಕ್ಕಿಂತ ತಡಮಾಡುವಂತಿಲ್ಲ. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಆದರೆ ಎಷ್ಟೋ ಪಾಲಿಸಿಗಳಲ್ಲಿ ಸ್ಕೀ ಅಪಘಾತ ಸೇರಿರುವುದಿಲ್ಲ. ಹೆಲಿಕಾಪ್ಟರ್ ರಕ್ಷಣೆಯ ಖರ್ಚೂ ಸೇರಿದೆಯೇ ಎಂದು ನೋಡಿಕೊಂಡೇ ದುಡ್ಡು ಕಟ್ಟಿ.

ಜ್ಯೂರಿಕ್‌ನಿಂದ ಬರ್ನ್ ಮಾರ್ಗವಾಗಿ ಇಂಟರ್‌ಲಾಕೆನ್ ಓಸ್ಟ್‌ಗೆ ಬನ್ನಿ. ಬಹಳ ಮಂದಿ ಎಡವುವುದು ಇಲ್ಲೇ. ಇಲ್ಲಿಂದ ಹೊರಡುವ ರೈಲು ಮುಂದೆ ಸ್ವೈಲೂಟ್ಶಿನೆನ್‌ನಲ್ಲಿ ಎರಡಾಗಿ ಒಡೆಯುತ್ತದೆ: ಒಂದು ಭಾಗ ಗ್ರಿಂಡೆಲ್‌ವಾಲ್ಡ್‌ಗೆ, ಇನ್ನೊಂದು ಲೌಟರ್‌ಬ್ರುನೆನ್‌ಗೆ. ಬೋಗಿಯ ಮೇಲಿನ ಫಲಕ ಓದಿ ಹತ್ತಿ. ಲೌಟರ್‌ಬ್ರುನೆನ್‌ನಲ್ಲಿ ರೈಲು ಬದಲಿಸಿದರೆ ಕಾಲು ಗಂಟೆಯಲ್ಲಿ ವೆಂಗೆನ್. ಪ್ರವಾಸಿಗರ ರೈಲು-ಬಸ್ ಪಾಸಾದ ಸ್ವಿಸ್ ಟ್ರಾವೆಲ್ ಪಾಸ್ ಇಲ್ಲಿಯವರೆಗೂ ನಡೆಯುತ್ತದೆ, ಇಳಿಜಾರಿನ ಲಿಫ್ಟುಗಳಿಗೆ ಬೇಕಾದ ಸ್ಕೀ ಪಾಸ್ ಬೇರೆಯೇ ಕೊಳ್ಳಬೇಕು.

ಸ್ಕೀ ಸಾಮಾನು ಬಾಡಿಗೆಗೆ ತಗೊಳ್ಳಿ. ಅದರಲ್ಲೂ ಬೂಟು ಆರಿಸಲು ಅವಸರ ಬೇಡ. ಒಂದೇ ಜೊತೆ ತೆಳು ಸಾಕ್ಸ್ ಹಾಕಿ. ಎರಡು ಹಾಕಿದರೆ ಬೆಚ್ಚಗಿರುವುದಿಲ್ಲ, ರಕ್ತ ಓಡಾಡದೆ ಕಾಲು ತಣ್ಣಗಾಗುತ್ತದೆ. ನೆಟ್ಟಗೆ ನಿಂತಾಗ ಬೆರಳು ಬೂಟಿನ ತುದಿಗೆ ತಾಗಬೇಕು, ಮಂಡಿ ಬಾಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಅಂಗಡಿಯವರು ತೂಕ, ಎತ್ತರ, ವಯಸ್ಸು ಕೇಳಿದರೆ ನಿಜ ಹೇಳಿ. ಬೂಟನ್ನು ಸ್ಕೀಗೆ ಕಚ್ಚಿಹಿಡಿಯುವ ಬೈಂಡಿಂಗ್ ಎಷ್ಟು ಒತ್ತಡಕ್ಕೆ ಬಿಚ್ಚಿಕೊಳ್ಳಬೇಕೆಂದು ಆ ಲೆಕ್ಕದ ಮೇಲೆಯೇ ಹೊಂದಿಸುತ್ತಾರೆ. ಬಿದ್ದಾಗ ಅದು ಬಿಚ್ಚದಿದ್ದರೆ ತಿರುಚಿಕೊಳ್ಳುವುದು ಮಂಡಿ.

ಹೊಸಬರು ಮೊದಲ ಎರಡು-ಮೂರು ದಿನ ಹಳ್ಳಿಯೊಳಗಿನ ಕಲಿಕೆಯ ಇಳಿಜಾರಿನಲ್ಲೇ, ಸ್ಕೀ ಶಾಲೆಯವರ ಜೊತೆ ಇರಿ. ಆಮೇಲೆ ನೀಲಿ ಗುರುತಿನ ದಾರಿ. ಕೆಂಪು ಕಷ್ಟ, ಕಪ್ಪು ಇನ್ನೂ ಕಷ್ಟ. ಹಳದಿ ಎಂದರೆ ಹಿಮ ಸಮತಟ್ಟು ಮಾಡದ ದಾರಿ, ಅದರ ಗೋಜು ಬೇಡ. ಏನಾದರೂ ಆದರೆ ರೇಗಾ ಹೆಲಿಕಾಪ್ಟರ್ ಸೇವೆಯ ಸಂಖ್ಯೆ 1414.

ಮಧ್ಯಾಹ್ನ ಮೂರರ ಮೇಲೆ ಕಾಲು ಸೋತಿರುತ್ತದೆ, ತುಳಿದ ಹಿಮ ಗುಡ್ಡೆಗುಡ್ಡೆಯಾಗಿರುತ್ತದೆ. ಹಳ್ಳಿಯ ಮೇಲಿನ ರೈಲು ನಿಲ್ದಾಣವಾದ, 2,061 ಮೀಟರಿನ ಕ್ಲೈನೆ ಶೈಡೆಗ್‌ನಲ್ಲಿ ಇದ್ದರೆ ಸ್ಕೀ ಬಿಚ್ಚಿ ರೈಲು ಹತ್ತಿ. ಟಿಕೆಟ್ ಸ್ಕೀ ಪಾಸಿನಲ್ಲೇ ಸೇರಿದೆ.