ಓಡುವ ಜನಸಂಖ್ಯೆ ಕೌಂಟರ್ ನೋಡುವುದು ಹೇಗೆ?

ವರ್ಲ್ಡೋಮೀಟರ್ ಥರದ ಸೈಟ್ ತೆರೆದರೆ ಪ್ರಪಂಚದ ಜನಸಂಖ್ಯೆ ಕಣ್ಣೆದುರೇ ಏರುತ್ತಿರುತ್ತದೆ. ಮಗು ಹುಟ್ಟಿದ ತಕ್ಷಣ ಯಾರೋ ಎಲ್ಲೋ ಕೂತು ಎಣಿಸುತ್ತಿದ್ದಾರೇನೋ ಅನ್ನಿಸುತ್ತದೆ, ಅಲ್ವಾ? ಯಾರೂ ಎಣಿಸುತ್ತಿಲ್ಲ.

ಬೇಕಿದ್ದರೆ ಪುಟ ಲೋಡ್ ಆದಮೇಲೆ ಇಂಟರ್ನೆಟ್ ಆಫ್ ಮಾಡಿ ನೋಡಿ. ಸಾಮಾನ್ಯವಾಗಿ ಅಂಕಿ ಓಡುತ್ತಲೇ ಇರುತ್ತದೆ. ಒಂದು ದಿನಾಂಕದ ಅಂದಾಜು, ಸೆಕೆಂಡಿಗೆ ಎಷ್ಟು ಕೂಡಿಸಬೇಕು ಅನ್ನುವ ದರ, ಇವೆರಡು ಸಿಕ್ಕರೆ ಸಾಕು, ಉಳಿದ ಕೂಡಿಸುವ ಕೆಲಸವನ್ನೆಲ್ಲ ನಿಮ್ಮ ಬ್ರೌಸರೇ ಗಡಿಯಾರ ನೋಡಿಕೊಂಡು ಮಾಡುತ್ತದೆ.

ಆ ದರವನ್ನು ನೀವೇ ತೆಗೆಯಬಹುದು. ವರ್ಷಕ್ಕೆ ಸುಮಾರು 13.2 ಕೋಟಿ ಜನನ, 6.2 ಕೋಟಿ ಸಾವು. ವರ್ಷಕ್ಕೆ 3,15,36,000 ಸೆಕೆಂಡು. ಭಾಗಿಸಿ: ಸೆಕೆಂಡಿಗೆ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ಹುಟ್ಟು, ಹತ್ತಿರ ಹತ್ತಿರ ಎರಡು ಸಾವು. ಕೌಂಟರ್ ಏರುವುದು ಈ ವ್ಯತ್ಯಾಸದಿಂದ.

ಆಮೇಲೆ ಮೂಲ ಯಾರದು ಅಂತ ನೋಡಿ. ಇದೇ ಮುಖ್ಯ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚ 800 ಕೋಟಿ ಮುಟ್ಟಿದ್ದು 2022ರ ನವೆಂಬರ್ 15ಕ್ಕೆ. ಅಮೆರಿಕದ ಸೆನ್ಸಸ್ ಬ್ಯೂರೋ ಪ್ರಕಾರ 2023ರ ಸೆಪ್ಟೆಂಬರ್ 26ಕ್ಕೆ. ಹತ್ತು ತಿಂಗಳ ವ್ಯತ್ಯಾಸ! ಎಷ್ಟೋ ದೇಶಗಳ ಜನಗಣತಿ ಹಳೆಯದು, ಜನನ ಮರಣ ನೋಂದಣಿಯೂ ಅರ್ಧಂಬರ್ಧ. ಆ ಖಾಲಿ ಜಾಗವನ್ನು ಒಬ್ಬೊಬ್ಬರು ಒಂದೊಂದು ಥರ ತುಂಬುತ್ತಾರೆ, ಹಾಗಾಗಿ ಕೊನೆಯ ಆರೇಳು ಅಂಕಿಗಳು ಸುಮ್ನೆ ಶೋಕಿಗೆ ಅಂದುಕೊಳ್ಳಿ.

‘ಇವತ್ತು’ ಅಂತ ಬರೆದಿರುವ ಕೌಂಟರ್‌ಗಳ ಹತ್ತಿರ ಇನ್ನೂ ಹುಷಾರಾಗಿರಿ. ರಸ್ತೆ ಅಪಘಾತವನ್ನೇ ತಗೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ವರ್ಷಕ್ಕೆ ಸುಮಾರು 11.9 ಲಕ್ಷ ಸಾವು. ದಿನಕ್ಕೆ ಹಂಚಿದರೆ 3,260, ಅಂದರೆ 26-27 ಸೆಕೆಂಡಿಗೊಂದು. ಇಂಥ ಕೌಂಟರ್‌ಗೆ ನಡುರಾತ್ರಿಯೂ ಒಂದೇ, ಸಂಜೆಯ ಟ್ರಾಫಿಕ್ಕೂ ಒಂದೇ. ಇವತ್ತು ನಿಜಕ್ಕೂ ಎಷ್ಟು ಜನ ಸತ್ತರು ಅನ್ನುವುದು ಅದಕ್ಕೆ ಗೊತ್ತಿರುವುದೇ ಇಲ್ಲ. ಕಳುಹಿಸಿದ ಇಮೇಲ್, ಸೇದಿದ ಸಿಗರೇಟ್, ಇವುಗಳ ಕಥೆಯೂ ಇಷ್ಟೇ.

ಎಲ್ಲಾದರೂ ಬರೆಯುವಾಗ ಸ್ಕ್ರೀನ್‌ಶಾಟ್ ಹಾಕಬೇಡಿ. ‘2024ರಲ್ಲಿ ಸುಮಾರು 820 ಕೋಟಿ, ವಿಶ್ವಸಂಸ್ಥೆಯ ಅಂದಾಜು’ ಅಂತ ವರ್ಷ, ಮೂಲ ಎರಡನ್ನೂ ಹೇಳಿ. ಮೂಲದವರು ಅಂದಾಜು ಪರಿಷ್ಕರಿಸಿದರೆ ಕೌಂಟರ್ ರಾತ್ರೋರಾತ್ರಿ ಲಕ್ಷಗಟ್ಟಲೆ ಹಾರಬಹುದು, ಆಗ ನಿಮ್ಮ ಹಳೆಯ ಸ್ಕ್ರೀನ್‌ಶಾಟ್ ಯಾವ ಲೆಕ್ಕಕ್ಕೂ ಕೂಡುವುದಿಲ್ಲ.