ಪರಊರಿನ ಮದುವೆಗೆ ಹೊರಡುವ ಮುನ್ನ

ಮದುವೆ ಹತ್ತಿರವಾದಂತೆ ಮದುವೆ ಮನೆಯವರ ಕೈಯಿಂದ ಫೋನ್ ಇಳಿಯುವುದೇ ಇಲ್ಲ. 'ಹಾಲ್‌ಗೆ ಹೇಗೆ ಬರೋದು?', 'ರೂಮಿನ ಕೀ ಯಾರ ಹತ್ರ ಇದೆ?', 'ಸ್ಟೇಷನ್‌ಗೆ ಯಾರಾದ್ರೂ ಬರ್ತೀರಾ?' ಎಂದು ಕೇಳುವ ಕರೆಗಳೆಲ್ಲ ಪರಊರಿನಿಂದ ಬರುವ ನಮ್ಮಂಥ ನೆಂಟರದ್ದೇ. ಹೀಗಾಗಿ ಇಂಥ ಪ್ರಯಾಣಕ್ಕೆ ಒಂದೇ ಗುರಿ ಇಟ್ಟುಕೊಳ್ಳಿ: ಮದುವೆಯ ದಿನ ಬೆಳಿಗ್ಗೆ ನಮ್ಮ ಕಾರಣಕ್ಕೆ ಆ ಮನೆಯವರು ಒಂದು ಸಲವೂ ಫೋನ್ ಎತ್ತುವಂತಾಗಬಾರದು. ಈ ಗುರಿ ಮನಸ್ಸಿನಲ್ಲಿದ್ದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಾನಾಗಿ ತಿಳಿಯುತ್ತದೆ.

ತಲುಪುವ ದಿನ ಮೊದಲು ಗೊತ್ತು ಮಾಡಿ

ಟಿಕೆಟ್ ನೋಡುವ ಮೊದಲೇ ಯಾವತ್ತು ತಲುಪಬೇಕೆಂದು ತೀರ್ಮಾನಿಸಿ. ಮದುವೆಯ ದಿನ ಬೆಳಿಗ್ಗೆ ತಲುಪುವ ರೈಲು, ಬಸ್ಸು, ವಿಮಾನ ಯಾವುದನ್ನೂ ನೆಚ್ಚಿಕೊಳ್ಳಬೇಡಿ. ಎರಡು ಗಂಟೆ ತಡವಾದರೆ ನಮಗೆ ಮದುವೆಯೇ ತಪ್ಪುತ್ತದೆ. ಹಿಂದಿನ ದಿನ ಸಂಜೆಯೊಳಗೆ ತಲುಪಿದರೆ ಆ ಎರಡು ಗಂಟೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ವಿದೇಶದ ಮದುವೆಯಾದರೆ ಒಂದು ದಿನ ಸಾಲದು. ಗಡಿಯಾರ ಎಷ್ಟು ಗಂಟೆ ಹಿಂದೆ ಮುಂದೆ ಆಗುತ್ತದೋ, ದೇಹ ಹೊಂದಿಕೊಳ್ಳಲು ಹೆಚ್ಚುಕಡಿಮೆ ಅಷ್ಟೇ ದಿನ ಹಿಡಿಯುತ್ತದೆ. ಪೂರ್ತಿ ಹೊಂದಿಕೊಳ್ಳುವಷ್ಟು ಮುಂಚೆ ಹೋಗಲು ಎಲ್ಲರಿಗೂ ಆಗದು, ಆದರೆ ಎರಡು ಮೂರು ದಿನದ ಬಿಡುವಾದರೂ ಇರಲಿ. ಪಾಸ್‌ಪೋರ್ಟಿನ ಅವಧಿಯನ್ನು ಇಂದೇ ನೋಡಿ. ಎಷ್ಟೋ ದೇಶಗಳು ಇನ್ನೂ 6 ತಿಂಗಳ ಅವಧಿ ಬಾಕಿ ಇರಬೇಕೆಂದು ಕೇಳುತ್ತವೆ. ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೂ ವೀಸಾ ಬೇಕಾಗಬಹುದು.

ಎರಡು ವಿಮಾನ ಹಿಡಿಯಬೇಕಿದ್ದರೆ ಎರಡೂ ಒಂದೇ ಬುಕಿಂಗ್‌ನಲ್ಲಿರಲಿ. ಬೇರೆ ಬೇರೆಯಾಗಿ ಟಿಕೆಟ್ ಕೊಂಡಾಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆಯನ್ನು ಸಾಮಾನ್ಯವಾಗಿ ಯಾರೂ ಹೊರುವುದಿಲ್ಲ. ಸ್ವಲ್ಪ ದುಡ್ಡು ಉಳಿಯುತ್ತದೆಂದು ಮದುವೆಯನ್ನೇ ಪಣಕ್ಕಿಡಬೇಡಿ.

ಒಂದೇ ಮೆಸೇಜ್, ಎಲ್ಲ ವಿವರ

ಟಿಕೆಟ್ ಆದ ಕೂಡಲೇ ಮದುವೆ ಮನೆಗೆ ಒಂದು ಮೆಸೇಜ್ ಕಳಿಸಿ. ವಧುವಿಗೋ ವರನಿಗೋ ಅವರ ತಂದೆ ತಾಯಿಗೋ ಬೇಡ. ನೆಂಟರ ಓಡಾಟ ನೋಡಿಕೊಳ್ಳಲು ಯಾರನ್ನಾದರೂ ನೇಮಿಸಿರುತ್ತಾರೆ, ಅವರಿಗೆ ಕಳಿಸಿ. ಯಾರನ್ನೂ ನೇಮಿಸಿಲ್ಲದಿದ್ದರೆ, ಚುರುಕಾದ ಸೋದರ ಸಂಬಂಧಿಯೊಬ್ಬರನ್ನು ನೀವೇ ಹುಡುಕಿಕೊಳ್ಳಿ. ಮೆಸೇಜ್ ಈ ರೀತಿ ಇರಲಿ:

'ನಾವು ನಾಲ್ವರು, ಶನಿವಾರ ಸಂಜೆ 5ಕ್ಕೆ ರೈಲಿನಲ್ಲಿ ಬರ್ತೀವಿ. ಸ್ಟೇಷನ್‌ನಿಂದ ಟ್ಯಾಕ್ಸಿ ಮಾಡ್ಕೊಳ್ತೀವಿ, ಕರೆದುಕೊಂಡು ಹೋಗೋಕೆ ಯಾರೂ ಬರೋದು ಬೇಡ. ರೂಮ್ ನಾವೇ ಬುಕ್ ಮಾಡಿದ್ದೀವಿ. ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ, ಹಾಲ್‌ನಲ್ಲಿ ಲಿಫ್ಟ್ ಇದೆಯಾ ಅಂತ ಮಾತ್ರ ತಿಳಿಸಿ. ಸೋಮವಾರ ಬೆಳಿಗ್ಗೆ ಹೊರಡ್ತೀವಿ.'

ಎಷ್ಟು ಜನ, ಯಾವಾಗ, ಹೇಗೆ, ಎಲ್ಲಿ ಉಳಿಯುತ್ತೀರಿ, ಏನು ಬೇಕು, ಯಾವಾಗ ಹೊರಡುತ್ತೀರಿ ಎಲ್ಲವೂ ಇದರಲ್ಲಿದೆ. ಹಾಲ್‌ನ ಲೊಕೇಶನ್ ತರಿಸಿಕೊಂಡು ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ವಿಳಾಸವನ್ನು ಚೀಟಿಯಲ್ಲೂ ಬರೆದುಕೊಳ್ಳಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಎರಡು ಹಾಲ್‌ಗಳಿರುವುದು ಹೊಸತೇನಲ್ಲ.

ಬಟ್ಟೆಯನ್ನು ಮನೆಯಲ್ಲೇ ಹಾಕಿ ನೋಡಿ

ಎರಡು ವಾರ ಇರುವಾಗಲೇ ಮನೆಮಂದಿಯೆಲ್ಲ ಮದುವೆಯ ಬಟ್ಟೆಯನ್ನು ಪೂರ್ತಿಯಾಗಿ ಒಮ್ಮೆ ಹಾಕಿ ನೋಡಬೇಕು. ಗುಂಡಿ, ಹುಕ್ಕು, ಜಿಪ್ಪು ಎಲ್ಲ ಹಾಕಿ, ಕೂತು, ಕೈ ಮೇಲೆತ್ತಿ ನೋಡಿ. ಮಕ್ಕಳ ಬಟ್ಟೆಯನ್ನಂತೂ ಮರೆಯಲೇಬೇಡಿ, ಕೆಲವೇ ತಿಂಗಳ ಹಿಂದೆ ಸರಿಯಾಗಿದ್ದದ್ದು ಈಗ ಮೊಣಕೈವರೆಗೆ ಬಂದು ನಿಂತಿರುತ್ತದೆ. ದರ್ಜಿಗೆ ಕೊಟ್ಟು ಸರಿ ಮಾಡಿಸಲು ಈಗ ಸಮಯವಿದೆ. ಹೊಸ ಚಪ್ಪಲಿ, ಶೂ ತಂದಿದ್ದರೆ ದಿನಾ ಸ್ವಲ್ಪ ಹೊತ್ತು ಮನೆಯೊಳಗೆ ಹಾಕಿಕೊಂಡು ಓಡಾಡಿ. ಹಿಮ್ಮಡಿ ಕಚ್ಚುವುದಿದ್ದರೆ ಇಲ್ಲೇ ಕಚ್ಚಲಿ.

ರೇಷ್ಮೆ ಬಟ್ಟೆ ಮಡಚುವಾಗ ಪ್ರತಿ ಮಡಿಕೆಯೊಳಗೂ ತೆಳುವಾದ ಹತ್ತಿ ಬಟ್ಟೆ ಇಟ್ಟರೆ ಗೆರೆ ಬೀಳುವುದು ಕಡಿಮೆ. ಹಳೆಯ ಮಡಿಕೆಯ ಮೇಲೇ ಮತ್ತೆ ಮಡಚಬೇಡಿ, ನೂಲು ಅಲ್ಲೇ ಸೀಳುತ್ತದೆ. ತಲುಪಿದ ತಕ್ಷಣ, ಬೇರೆ ಯಾವ ಕೆಲಸಕ್ಕೂ ಮುಂಚೆ, ಬಟ್ಟೆ ತೆಗೆದು ಹ್ಯಾಂಗರಿಗೆ ಹಾಕಿ. ಇಸ್ತ್ರಿ ಸಿಗದಿದ್ದರೆ ಬಿಸಿನೀರು ಬಿಟ್ಟು ಹಬೆ ತುಂಬಿದ ಬಾತ್‌ರೂಮಿನಲ್ಲಿ ಸ್ವಲ್ಪ ಹೊತ್ತು ತೂಗುಹಾಕಿದರೆ ಸಣ್ಣಪುಟ್ಟ ಸುಕ್ಕು ಬಿಡುತ್ತದೆ. ಬಟ್ಟೆಗೆ ನೀರು ಮಾತ್ರ ಸಿಡಿಯಬಾರದು, ರೇಷ್ಮೆಯ ಮೇಲೆ ಕಲೆ ಉಳಿದೀತು. ಸೆಂಟು ಹಾಕುವುದಿದ್ದರೆ ಬಟ್ಟೆ ಉಡುವ ಮೊದಲೇ ಮೈಗೆ ಹಾಕಿಕೊಳ್ಳಿ.

ಕೈಯಲ್ಲಿರುವ ಚೀಲವೇ ಮುಖ್ಯ

ಈ ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸ್ ಬರದೇ ಹೋದರೂ ಮದುವೆಯಲ್ಲಿ ನಿಲ್ಲುವಂತಿರಬೇಕು. ಮದುವೆಗೆ ಉಡುವ ಒಂದು ಜೊತೆ ಬಟ್ಟೆ, ಒಡವೆ, ಔಷಧ, ಗುರುತಿನ ಚೀಟಿ, ಚಾರ್ಜರ್ ಇವಿಷ್ಟೂ ಕಣ್ಣೆದುರಿಗಿರುವ ಕೈಚೀಲದಲ್ಲೇ ಇರಲಿ. ಔಷಧವನ್ನು ಎರಡು ಮೂರು ದಿನಕ್ಕೆ ಹೆಚ್ಚಾಗುವಷ್ಟು, ಅದರದ್ದೇ ಸ್ಟ್ರಿಪ್ಪಿನಲ್ಲಿ ಇಟ್ಟುಕೊಳ್ಳಿ, ಡಾಕ್ಟರ ಚೀಟಿಯ ಫೋಟೊ ಫೋನಿನಲ್ಲಿರಲಿ. ಇನ್ಸುಲಿನ್ ಅನ್ನು ವಿಮಾನದ ಕೆಳಗೆ ಹೋಗುವ ಲಗೇಜಿಗೆ ಹಾಕಲೇಬಾರದು. ಅಲ್ಲಿ ಅದು ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಬಳಸುವಂತಿಲ್ಲ.

ಪವರ್ ಬ್ಯಾಂಕ್ ಕೂಡ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕೆಂಬುದು ನಿಯಮ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕ್ಯಾಬಿನ್‌ನಲ್ಲಾದರೆ ಸಿಬ್ಬಂದಿಯ ಕಣ್ಣಿಗೆ ಬಿದ್ದು ಆರಿಸಬಹುದು, ಕೆಳಗಿನ ಲಗೇಜಿನಲ್ಲಿ ಅದು ಕಷ್ಟ. ಒಪ್ಪಿಗೆ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ). ಸಾಮಾನ್ಯವಾಗಿ ಸಿಗುವ 20,000 ಎಂಎಎಚ್ ಪವರ್ ಬ್ಯಾಂಕ್ 74 ವ್ಯಾಟ್-ಅವರ್ ಆಗುತ್ತದೆ, ಚಿಂತೆಯಿಲ್ಲ. 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು.

ಉಡುಗೊರೆಯನ್ನು ಮನೆಯಲ್ಲೇ ಅಂದವಾಗಿ ಪ್ಯಾಕ್ ಮಾಡಬೇಡಿ. ತಪಾಸಣೆಯಲ್ಲಿ ಬಿಚ್ಚಿಸಿದರೆ ಅಷ್ಟೂ ಕೆಲಸ ಹಾಳು. ಕಾಗದ, ಟೇಪು, ರಿಬ್ಬನ್ ಬೇರೆಯಾಗಿ ಒಯ್ದು ರೂಮಿನಲ್ಲಿ ಸುತ್ತಿ. ಉಡುಗೊರೆ ಸೆಂಟಿನ ಬಾಟಲಿಯಾಗಿದ್ದರೆ, ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ ದ್ರವಕ್ಕೆ ಸಾಮಾನ್ಯವಾಗಿ 100 ಮಿಲಿ ಲೀಟರ್ ಮಿತಿ ಇದೆ ಎಂಬುದು ನೆನಪಿರಲಿ. ದೊಡ್ಡದೇನಾದರೂ ಕೊಡುವ ಆಸೆ ಇದ್ದರೆ ನವದಂಪತಿಯ ಮನೆಗೇ ತಲುಪುವಂತೆ ಕಳಿಸಿ. ಅವರೂ ಅದನ್ನು ಹಾಲ್‌ನಿಂದ ಮನೆಗೆ ಹೊರಬೇಕಲ್ಲ.

ಹಿರಿಯರು, ಮಕ್ಕಳು

ಹಿರಿಯರಿಗೆ ಕೆಳಮಹಡಿಯ ರೂಮ್, ವೀಲ್‌ಚೇರ್ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕೂತೇ ಪ್ರಯಾಣ ಮಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಪ್ರಕಾರ ಸುಮಾರು ಎರಡು ಪಟ್ಟು. ಆರೋಗ್ಯವಂತರಲ್ಲಿ ಈ ಅಪಾಯ ತೀರಾ ಸಣ್ಣದು, ಆದರೂ ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಸಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಲು ಹೇಳಿ. ಹಿಂದೆ ಇಂಥ ತೊಂದರೆ ಆದವರು, ಇತ್ತೀಚೆಗೆ ಆಪರೇಷನ್ ಆದವರು ಹೊರಡುವ ಮೊದಲು ಡಾಕ್ಟರನ್ನು ಕಾಣಲಿ. ಹಾಲ್‌ನಲ್ಲಿ ಮೊದಲು ನೋಡಬೇಕಾದದ್ದು ಬಾತ್‌ರೂಮ್ ಎಲ್ಲಿದೆ ಎಂದು, ಆಮೇಲೆ ಅದಕ್ಕೆ ಹತ್ತಿರದ ಕುರ್ಚಿ.

ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಿ, ಒಂದಿಷ್ಟು ನಿದ್ದೆ ಮಾಡಿಸಿ, ಕೊನೆಯಲ್ಲಿ ಹೊಸ ಬಟ್ಟೆ ಹಾಕಿ.

ಮದುವೆ ಮುಗಿದ ರಾತ್ರಿ

ಹೋಗುವ ಪ್ರಯಾಣವನ್ನು ಎಲ್ಲರೂ ಜತನದಿಂದ ಯೋಜಿಸುತ್ತಾರೆ, ವಾಪಸ್ ಬರುವುದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನನಗೆ ಹೆಚ್ಚು ಭಯ ಇದರದ್ದೇ. ಎರಡು ದಿನ ಸರಿಯಾಗಿ ನಿದ್ದೆಯಿಲ್ಲ, ಇಡೀ ದಿನ ನಿಂತು ಓಡಾಡಿದ್ದು, 'ನಾಳೆ ಆಫೀಸಿದೆ' ಎಂದು ರಾತ್ರಿಯೇ ಕಾರು ಹತ್ತುವುದು. ನಿದ್ದೆಗಣ್ಣಿನ ಅಪಘಾತಗಳು ನಡುರಾತ್ರಿಯಿಂದ ಬೆಳಗಿನ 6ರವರೆಗೆ ಹೆಚ್ಚು. ಕಿಟಕಿ ತೆರೆಯುವುದು, ಹಾಡು ಜೋರಾಗಿ ಹಾಕುವುದು ನಿದ್ದೆಯನ್ನು ತಡೆಯುವುದಿಲ್ಲ, ನಿದ್ದೆ ಬರುತ್ತಿಲ್ಲವೆಂದು ನಂಬಿಸುತ್ತವೆ ಅಷ್ಟೆ. ಆದ್ದರಿಂದ ಮದುವೆಯ ರಾತ್ರಿಗೂ ರೂಮ್ ಬುಕ್ ಮಾಡಿ, ಮಾರನೆಯ ದಿನದ ರಜೆಯನ್ನು ಈಗಲೇ ಕೇಳಿ. ಬೆಳಿಗ್ಗೆ ಹೊರಟು, ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಕಾಲು ಗಂಟೆ ವಿಶ್ರಾಂತಿ ಪಡೆಯಿರಿ. ಓಡಿಸಲು ಇಬ್ಬರಿದ್ದರೆ ಇನ್ನೂ ಒಳ್ಳೆಯದು.

ರೂಮ್ ಬಿಡುವಾಗ ಪ್ಲಗ್ ಪಾಯಿಂಟು, ಬಾಗಿಲ ಹಿಂದಿನ ಕೊಕ್ಕೆ, ಬಾತ್‌ರೂಮಿನ ಕಪಾಟು, ಲಾಕರ್ ನೋಡಿ. ಚಾರ್ಜರ್ ಮತ್ತು ಒಡವೆ ಅಲ್ಲೇ ಉಳಿಯುವುದು. ಅಂತರರಾಷ್ಟ್ರೀಯ ವಿಮಾನದಲ್ಲಿ ಬಂದ ಸೂಟ್‌ಕೇಸ್ ಒಡೆದಿದ್ದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ಬರೆದುಕೊಡಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಕಂಪನಿಗಳ ಹೊಣೆಯನ್ನು ಹೇಳುವ 1999ರ ಮಾಂಟ್ರಿಯಲ್ ಒಪ್ಪಂದದಂತೆ ಹಾನಿಗೆ ಲಿಖಿತ ದೂರು ಕೊಡಲು ಲಗೇಜ್ ಕೈಸೇರಿದ ಮೇಲೆ 7 ದಿನ, ತಡವಾಗಿ ಬಂದದ್ದಕ್ಕೆ 21 ದಿನ ಸಮಯವಿದೆ. ಬ್ಯಾಗೇಜ್ ಟ್ಯಾಗ್ ಮತ್ತು ಬೋರ್ಡಿಂಗ್ ಪಾಸ್ ಅಲ್ಲಿಯವರೆಗೆ ಎಸೆಯಬೇಡಿ.