ಅಮೆರಿಕದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳು: ಬದಲಾದ ನಿಯಮಗಳನ್ನು ಓದುವುದು ಹೇಗೆ

ಮೊದಲು ಕಾಯ್ದೆ, ಕೋರ್ಟ್ ತೀರ್ಪು, ರಾಜ್ಯದ ಮತದಾನ ಮೂರನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಕಲಸಿದರೆ ಗೊಂದಲ ಜಾಸ್ತಿ.

1968ರ ದ್ವಿಭಾಷಾ ಶಿಕ್ಷಣ ಕಾಯ್ದೆಯಿಂದ ಶುರು ಮಾಡಿ. ಅದು ಹಣ ಕೊಟ್ಟಿತು, ಆದರೆ ಶಾಲೆಗಳ ಮೇಲೆ ಕಡ್ಡಾಯ ಹೇರಲಿಲ್ಲ. ಆಮೇಲೆ 1974ರ ಲಾವ್ ವಿರುದ್ಧ ನಿಕೋಲ್ಸ್ ತೀರ್ಪನ್ನು ನಿಧಾನವಾಗಿ ಓದಿ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳು ಅರ್ಥವೇ ಆಗದ ಪಾಠದಲ್ಲಿ ಸುಮ್ನೆ ಕೂರಬೇಕಿತ್ತು, ಎಲ್ಲರಿಗೂ ಅದೇ ಪುಸ್ತಕ ಅದೇ ಶಿಕ್ಷಕರನ್ನು ಕೊಟ್ಟ ಮಾತ್ರಕ್ಕೆ ಅದು ಸಮಾನತೆ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹೇಗೆ ಕಲಿಸಬೇಕು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಆ ಜಾಗವನ್ನು ತುಂಬಿದ್ದು 1981ರ ಕಾಸ್ಟನ್ಯೇಡ ತೀರ್ಪು, ಇದು ಫೆಡರಲ್ ಮೇಲ್ಮನವಿ ಕೋರ್ಟಿನದು. ನನ್ನ ಪ್ರಕಾರ ಪೋಷಕರಿಗೆ ಇದಕ್ಕಿಂತ ಒಳ್ಳೆಯ ಆಯುಧ ಇಲ್ಲ. ಅದರ ಮೂರು ಪ್ರಶ್ನೆಗಳನ್ನು ಬರೆದುಕೊಂಡೇ ಶಾಲೆಗೆ ಹೋಗಿ: ಕಲಿಸುವ ವಿಧಾನಕ್ಕೆ ಗಟ್ಟಿ ಆಧಾರ ಇದೆಯಾ? ಅದಕ್ಕೆ ಬೇಕಾದ ಶಿಕ್ಷಕರು, ಸಾಮಗ್ರಿ ಇದ್ದಾರಾ, ಇದೆಯಾ? ಮಕ್ಕಳು ನಿಜಕ್ಕೂ ಕಲಿಯುತ್ತಿದ್ದಾರಾ?

ರಾಜ್ಯಗಳ ಕಥೆ ಬೇರೆ. ಕ್ಯಾಲಿಫೋರ್ನಿಯಾ 1998ರಲ್ಲಿ ಮತ ಹಾಕಿ ದ್ವಿಭಾಷಾ ತರಗತಿಗಳನ್ನು ಬಹುಪಾಲು ಕಟ್ಟಿಹಾಕಿತು, 2016ರಲ್ಲಿ ಮತ್ತೆ ಮತ ಹಾಕಿ ಬಾಗಿಲು ತೆರೆಯಿತು. ಹಾಗಾಗಿ ಹಳೇ ಲೇಖನ ಸಿಕ್ಕರೆ ವರ್ಷ ನೋಡದೆ ನಂಬಬೇಡಿ.

ಇನ್ನು ಇಡೀ ದೇಶದ ಕಾಯ್ದೆಗೆ ಬರೋಣ. 2002ರ ಕಾಯ್ದೆಯಿಂದ ಈ ಮಕ್ಕಳಿಗೆ ವರ್ಷಕ್ಕೊಮ್ಮೆ ಇಂಗ್ಲಿಷ್ ಪರೀಕ್ಷೆ ಬಂತು. 2015ರ ಕಾಯ್ದೆ (ಎವೆರಿ ಸ್ಟೂಡೆಂಟ್ ಸಕ್ಸೀಡ್ಸ್ ಆಕ್ಟ್) ಇಂಗ್ಲಿಷ್‌ನಲ್ಲಿ ಅವರ ಪ್ರಗತಿಯನ್ನು ಶಾಲೆಯ ಮೌಲ್ಯಮಾಪನಕ್ಕೇ ಸೇರಿಸಿತು. ಮಗುವನ್ನು ಶಾಲೆಯ ಇಂಗ್ಲಿಷ್ ಕಲಿಸುವ ಕಾರ್ಯಕ್ರಮಕ್ಕೆ ಸೇರಿಸಿದ್ದರೆ, ಶಾಲಾ ವರ್ಷ ಶುರುವಾದ 30 ದಿನದೊಳಗೆ ನಿಮಗೆ ಅದರ ಬಗ್ಗೆ ಪತ್ರ ಬರಬೇಕು. ಬರದಿದ್ದರೆ ಕೇಳಿ. ಸಾಧ್ಯವಾದ ಮಟ್ಟಿಗೆ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಿ ಅನ್ನಿ.